ಗೇಣಿನ ಮೀನು, ಮಾರಿನ ಮಾತು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಹವ್ಯಾಸಿ ಗಾಳಗಾರರಿಗೆ ಒಂದು ಬಹಿರಂಗ ಪತ್ರ

ಗಾಳಗಾರ ಮಹನೀಯರೇ,

ಮೂವತ್ತನಾಲ್ಕು ವರ್ಷಗಳ ಕಾಲ ಮೋಜಣಿಯ ಸರಪಳಿಯನ್ನು ಹೆಗಲಿಗೇರಿಸಿಕೊಂಡು, ಘಟಪ್ರಭೆಯ ದಂಡೆಯಿಂದ ಮಲಪ್ರಭೆಯ ದಂಡೆಯವರೆಗೆ ಹಬ್ಬಿದ ಎರೆಹೊಲಗಳ ಬದುಗಳನ್ನು ತುಳಿದು, 33 ಅಡಿಗೊಂದು ಸರಪಳಿ, ಸರಪಳಿಗೆ ಹದಿನಾರು ಆಣೆ, ಸರಪಳಿಯುದ್ದ ಸರಪಳಿಯಗಲಕ್ಕೆ ಒಂದು ಗುಂಟೆ, ನಲವತ್ತು ಗುಂಟೆಗೊಂದು ಎಕರೆ ಎಂಬ ಮಂತ್ರವನ್ನು ನಿದ್ದೆಯಲ್ಲಿಯೂ ಜಪಿಸುತ್ತ, ತನ್ನ ಹೊಲ ಕಾಗದದಲ್ಲಿ ಬರೆದಷ್ಟೇ ಇದೆಯೆಂದು ಸಂತೋಷದಿಂದ ಒಪ್ಪಿಕೊಂಡ ಒಬ್ಬನೇ ಒಬ್ಬ ರೈತನನ್ನೂ ಕಾಣದೆ ನಿವೃತ್ತನಾದ ಮನುಷ್ಯನು ನಾನು. ಮನುಷ್ಯನ ಬಾಯಿಗೂ ಅಳತೆಯ ಪಟ್ಟಿಗೂ ಇರುವ ಹಳೆಯ ವೈರವು ನನಗೆ ಹೊಸತಲ್ಲ. ಆದಾಗ್ಯೂ ನಿಮ್ಮನ್ನು ಉದ್ದೇಶಿಸಿ ಹೀಗೆ ನಾಲ್ಕು ಜನರ ಮುಂದೆ ಬರೆಯುವ ಪ್ರಸಂಗವೊಂದು ಒದಗಿತು. ಅದಕ್ಕೆ ಕಾರಣ ಒಂದು ರೋಹು ಮೀನು.

ಹೋದ ಶ್ರಾವಣದ ಒಂದು ಸಂಜೆ. ಬಾಗಲಕೋಟೆಯ ಹಿನ್ನೀರಿನ ದಂಡೆಗೆ ಗಾಳಿಗೆಂದು ಹೋದವನು, ನಿಮ್ಮಲ್ಲೊಬ್ಬರು ಬಿದಿರ ಕೋಲು ಹಿಡಿದು, ಜೋಳದ ದಂಟಿನ ಬೆಂಡನ್ನು ನೀರ ಮೇಲೆ ತೇಲಬಿಟ್ಟು, ಯೋಗಿಗಳಿಗೂ ದುರ್ಲಭವಾದ ಏಕಾಗ್ರತೆಯಿಂದ ಅದನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ಪಕ್ಕದ ಕಲ್ಲಿನ ಮೇಲೆ ಕುಳಿತೆನು. ಅರ್ಧ ತಾಸು ಕಳೆದಿರಬೇಕು. ಬೆಂಡು ಒಮ್ಮೆ ಅಳುಕಿತು, ಮತ್ತೊಮ್ಮೆ ಅಳುಕಿತು, ಆಮೇಲೆ ಯಾರೋ ಕೆಳಗಿನಿಂದ ಕರೆದಂತೆ ಸರ್ರನೆ ಮುಳುಗಿತು. ಕೋಲು ಎತ್ತಿದಾಗ ಮೇಲೆ ಬಂದುದು ತಾಮ್ರದ ಛಾಯೆಯ ಹುರುಪೆಗಳುಳ್ಳ, ಕೆಂಪುಗಣ್ಣಿನ ಒಂದು ರೋಹು. ಅಭ್ಯಾಸಬಲವು ಬಿಡದಾದ್ದರಿಂದ ನಾನು ಅಂಗಿಯ ಜೇಬಿನಿಂದ ಉಕ್ಕಿನ ಟೇಪನ್ನು ತೆಗೆದೆನು. ಆ ಮಹಾಶಯರು ಹಾವನ್ನು ಕಂಡವರಂತೆ ಹಿಂದೆ ಸರಿದು, "ಮಾಮಾ, ಮೀನಕ್ಕೂ ಮೋಜಣಿ ಮಾಡ್ತೀರೇನ್ರಿ?" ಎಂದರು. ಮಾಡಿದೆನು. ಮೂತಿಯಿಂದ ಬಾಲದ ತುದಿಯವರೆಗೆ 23 ಸೆಂಟಿಮೀಟರು; ಅಂದರೆ ನನ್ನ ಕೈಯ ಒಂದು ಗೇಣು. ತೂಕ ನೂರೈವತ್ತು ಗ್ರಾಮಿನ ಸುಮಾರು. "ಬರಕೊಳ್ರಿ, ಅಡ್ಡಿಯಿಲ್ಲ, ಆದ್ರ ಬಾಲ ಒಣಗಿ ಮುದುಡೇತಿ, ಹಸಿ ಇದ್ದಾಗ ಇನ್ನಾ ನಾಕ ಬೆರಳ ಇತ್ತು" ಎಂದು ಅವರು ತಕರಾರು ದಾಖಲಿಸಿದರು. ಮೀನು ನೀರನ್ನು ಬಿಟ್ಟು ಆಗ ಒಂದು ನಿಮಿಷವೂ ಆಗಿರಲಿಲ್ಲ. ಬಾಲವು ಇನ್ನೂ ನನ್ನ ಧೋತರದ ಮೇಲೆ ನೀರು ಸಿಡಿಸುತ್ತಿತ್ತು.

ಆ ರಾತ್ರಿಯೇ ನವನಗರದ ಚಹದಂಗಡಿಯಲ್ಲಿ ಅದು ಒಂದೂವರೆ ಗೇಣಾಗಿತ್ತು. ಇದು ಕ್ಷಮ್ಯ. ಪುಷ್ಯಮಾಸದಲ್ಲಿ ಬನಶಂಕರಿಯ ಜಾತ್ರೆಗೆ ಹೋದಾಗ, ನಾಟಕ ಕಂಪನಿಯ ಡೇರೆಯ ಹೊರಗೆ, ಎರಡನೆಯ ಆಟದ ಟಿಕೀಟಿಗೆ ಕಾದು ನಿಂತ ಬಾದಾಮಿಯ ಗೆಳೆಯರ ನಡುವೆ ಅದೇ ಮಹಾಶಯರು ನಿಂತಿದ್ದರು. ಅದೇ ಮೀನು ಒಂದು ಮೊಳವಾಗಿತ್ತು. ಇದನ್ನೂ ಜಾತ್ರೆಯ ಗದ್ದಲದಲ್ಲಿ ಮರೆಯಬಹುದು. ಆದರೆ ಫಾಲ್ಗುಣದಲ್ಲಿ ಮದುವೆಯ ಸೀರೆಗೆಂದು ಇಳಕಲ್ಲಿಗೆ ಹೋಗಿ ಪರಿಚಿತ ನೇಕಾರರೊಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ, ಮಗ್ಗದ ಆಚೆಯಿಂದ, ನಾನು ಮುಖವನ್ನೂ ಕಾಣದ ಒಬ್ಬ ಸ್ಥಳೀಯ ಗಾಳಗಾರರು, "ಬಾಗಲಕ್ವಾಟ್ಯಾಗ ನಮ್ಮ ದೋಸ್ತಗ ಒಂದು ರೋಹು ಬಿತ್ತು ನೋಡ್ರಿ, ಇಷ್ಟ!" ಎಂದು ಎರಡೂ ಕೈಗಳನ್ನು ಚಾಚಿದಾಗ, ಅವರ ಬಲಗೈ ಹಾಸಿನ ನೂಲಿಗೆ ತಗುಲಿ ನಾಲ್ಕೆಳೆ ಹರಿದುವು. ಮಗ್ಗದಲ್ಲಿ ಕುಳಿತಿದ್ದ ಆ ಮನೆಯ ಯಜಮಾನಿತಿ ಲಾಳಿಯನ್ನು ನಿಲ್ಲಿಸಿ, ಹರಿದ ಎಳೆಗಳನ್ನು ಹೊಸೆದು ಕೂಡಿಸುತ್ತ, ಮೇಲೆ ನೋಡದೆಯೇ, "ಹಂಗಾರ ಅಣ್ಣಾರ, ಅದಕ್ಕ ಟೋಪ ತೆನಿ ಸೆರಗು ಎಷ್ಟ ಗಜ ಹಿಡೀಬೇಕ್ರಿ?" ಎಂದು ಕೇಳಿದರು.

ಎರಡು ಕೈಗಳನ್ನು ಪೂರ್ತಿ ಚಾಚಿದರೆ ಅದು ನಮ್ಮ ಹಿರಿಯರ ಲೆಕ್ಕದಲ್ಲಿ ಒಂದು ಮಾರು. ಎರಡು ಗೇಣಿಗೆ ಮೊಳ, ನಾಲ್ಕು ಮೊಳಕ್ಕೆ ಮಾರು. ಆದ್ದರಿಂದ ಗೇಣಿನ ಮೀನು ಬಾಗಲಕೋಟೆಯಿಂದ ಇಳಕಲ್ಲು ಸೇರುವಷ್ಟರಲ್ಲಿ ಎಂಟು ಪಟ್ಟು ಬೆಳೆದಿತ್ತು. ಇಲ್ಲಿ ನಿಮ್ಮ ವಂಶವೆಲ್ಲ ಮಾಡುವ ಒಂದು ಗಣಿತದ ಪ್ರಮಾದವನ್ನು ತೋರಿಸದೆ ಬಿಡಲಾರೆ. ನೀವು ಮೀನನ್ನು ಉದ್ದಕ್ಕೆ ಮಾತ್ರ ಎಳೆಯುತ್ತೀರಿ. ಆದರೆ ಮೀನು ಹಗ್ಗವಲ್ಲ. ಉದ್ದ ಬೆಳೆದಂತೆ ಅದರ ಅಗಲವೂ ದಪ್ಪವೂ ಬೆಳೆಯಬೇಕಾದುದರಿಂದ, ಉದ್ದ ಇಮ್ಮಡಿಯಾದರೆ ತೂಕ ಎಂಟು ಮಡಿಯಾಗುತ್ತದೆ, ಉದ್ದ ಎಂಟು ಮಡಿಯಾದರೆ ತೂಕ 512 ಮಡಿಯಾಗುತ್ತದೆ. ನನ್ನ ಕಣ್ಣೆದುರಿನ ನೂರೈವತ್ತು ಗ್ರಾಮಿನ ಬಡಪಾಯಿ ರೋಹು ಇಳಕಲ್ಲಿನಲ್ಲಿ 75 ಕಿಲೋ ಮೀರಿ ತೂಗಬೇಕಾಯಿತು! 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು, ಸತ್ತ ಹುಲಿ ಚಿರತೆಗಳ ತೊಗಲಿಗೆ ಜೀವಕಳೆ ಕೊಡುವುದರಲ್ಲಿ ಜಗತ್ಪ್ರಸಿದ್ಧರಾದ ಆ ಮನೆತನದವರೇ, ಕಬಿನಿ ಹೊಳೆಯಲ್ಲಿ ಹಿಡಿದ ಮಶೀರ್ ಮೀನು 120 ಪೌಂಡು ತೂಗಿತೆಂದು ದಾಖಲೆಯಾಗಿ, ಗಾಳದ ಲೋಕವು ಅದನ್ನು ಇಂದಿಗೂ ಕೈಮುಗಿದು ನೆನೆಯುತ್ತದೆ. 120 ಪೌಂಡೆಂದರೆ 54 ಕಿಲೋ. ಇಳಕಲ್ಲು ಸೇರಿದ ನಮ್ಮ ರೋಹು ಅದನ್ನು ಇಪ್ಪತ್ತು ಕಿಲೋಗಳಿಗೂ ಹೆಚ್ಚಿನ ಅಂತರದಿಂದ ಸೋಲಿಸಿತು, ಮತ್ತು ಯಾರಿಗೂ ಅದರ ಪರಿವೆಯೇ ಇರಲಿಲ್ಲ.

ಮನುವಿನ ಬೊಗಸೆಗೆ ಬಂದ ಮರಿಮೀನು ಗಡಿಗೆಯನ್ನು ಮೀರಿ, ಕೆರೆಯನ್ನು ಮೀರಿ, ಗಂಗೆಯನ್ನು ಮೀರಿ, ಕಡೆಗೆ ಸಮುದ್ರಕ್ಕೆ ಸೇರಿದ ಕಥೆಯನ್ನು ನೀವು ನನ್ನೆದುರು ಹಿಡಿಯಬಹುದು. ಆ ಮೀನು ಬದುಕಿದ್ದಾಗ ಬೆಳೆಯಿತು ಸ್ವಾಮಿ. ನಿಮ್ಮದು ಸಾರಾದ ಮೇಲೆ ಬೆಳೆಯುತ್ತದೆ.

ನಿಮ್ಮ ಪರವಾಗಿ ಹೇಳಬೇಕಾದುದನ್ನೂ ಹೇಳುತ್ತೇನೆ, ಏಕೆಂದರೆ ಮೋಜಣಿದಾರನು ಹೊಲದ ಎರಡೂ ಬದುಗಳಲ್ಲಿ ನಡೆಯಬೇಕು. ಕೆಲವೊಮ್ಮೆ ಮೀನು ನಿಮ್ಮ ಕೈವಾಡವಿಲ್ಲದೆಯೇ ಬೆಳೆಯುತ್ತದೆ. ನಾನು ಬಾಲಕನಾಗಿದ್ದಾಗ ನಮ್ಮ ಓಣಿಯ ಹಿರಿಯ ಕಾಕಾ ಒಬ್ಬರು ಆರು ಸೇರಿನ ಕಟ್ಲಾ ಹಿಡಿದ ಕಥೆಯನ್ನು ಹೇಳುತ್ತಿದ್ದರು. 1956ರ ಕಾನೂನಿನ ತರುವಾಯ ಸೇರು ಮಣಗಳು ಒಂದೊಂದಾಗಿ ಅಂಗಡಿಗಳಿಂದ ಮಾಯವಾಗಿ ಕಿಲೋಗಳು ಬಂದಾಗ, ಅವರು ಕಾಲಕ್ಕೆ ತಕ್ಕಂತೆ ಆರು ಕಿಲೋ ಎಂದು ಹೇಳತೊಡಗಿದರು. ಸೇರೆಂದರೆ 933 ಗ್ರಾಮು. ಸತ್ತು ಹತ್ತು ವರ್ಷವಾಗಿದ್ದ ಆ ಕಟ್ಲಾ ಭಾರತ ಸರಕಾರದ ಕೃಪೆಯಿಂದ ನಾನೂರು ಗ್ರಾಮು ಮೈ ತುಂಬಿಕೊಂಡಿತು; ಕಾಕಾ ಅವರದು ಇದರಲ್ಲಿ ಯಾವ ಅಪರಾಧವೂ ಇಲ್ಲ. ಹಾಗೆಯೇ ನೀರೊಳಗಿನ ವಸ್ತು ಇರುವುದಕ್ಕಿಂತ ಮೇಲಿದ್ದಂತೆ, ಹತ್ತಿರವಿದ್ದಂತೆ ತೋರುವುದು ಪ್ರಕೃತಿಯ ನಿಯಮ. ನಾಲ್ಕಡಿ ಆಳದಲ್ಲಿರುವುದು ದಂಡೆಯವನ ಕಣ್ಣಿಗೆ ಮೂರಡಿಯಲ್ಲಿದ್ದಂತೆ ಕಾಣುತ್ತದೆ. ದಾರ ಹರಿದುಕೊಂಡು ಹೋದ ಮೀನನ್ನು ನೀವು ನೀರಿನಲ್ಲಿ ಮಾತ್ರ, ಅದೂ ಒಂದು ಕ್ಷಣ ಮಾತ್ರ, ಎದೆ ಡವಗುಟ್ಟುತ್ತಿರುವಾಗ ಕಂಡಿರುತ್ತೀರಿ.

ಒಂದು ವಿಚಿತ್ರವನ್ನು ಗಮನಿಸಿರುವಿರೋ ಇಲ್ಲವೋ ತಿಳಿಯದು. ಇದೇ ಹಿನ್ನೀರಿನಲ್ಲಿ, ನೀವು ಕೋಲು ಹಿಡಿದು ಬರುವುದಕ್ಕೆ ಮೂರು ತಾಸು ಮೊದಲೇ, ನಸುಕಿನಲ್ಲಿ ತೆಪ್ಪ ಹಾಕಿ ಬಲೆ ಎಳೆಯುವ ಅಂಬಿಗರಿದ್ದಾರಲ್ಲ, ಅವರ ಬಾಯಿಂದ ನಾನು ದೊಡ್ಡ ಮೀನಿನ ಕಥೆಯನ್ನು ಒಮ್ಮೆಯೂ ಕೇಳಿಲ್ಲ. "ಇವತ್ತ ಹೆಂಗ?" ಎಂದು ಕೇಳಿದರೆ, "ಏನೂ ಇಲ್ರಿ ಸಾಹೇಬ್ರ, ಬಲಿ ಖಾಲಿ" ಎಂಬುದೇ ಉತ್ತರ, ಒದ್ದೆ ಗೋಣಿತಟ್ಟು ಹೊದಿಸಿದ ಅವರ ಬುಟ್ಟಿಯು ಆ ಮಾತು ಮುಗಿಯುವ ಮೊದಲೇ ಒಳಗಿನಿಂದ ಎರಡು ಬಾರಿ ಕುಪ್ಪಳಿಸಿರುತ್ತದೆ. ಅವರದೂ ಸುಳ್ಳೇ, ಆದರೆ ನಿಮ್ಮದಕ್ಕೆ ವಿರುದ್ಧ ದಿಕ್ಕಿನದು. ತಕ್ಕಡಿಯ ಮುಂದೆ ದಿನವೂ ನಿಲ್ಲಬೇಕಾದವನಿಗೆ ಮೀನನ್ನು ಬಾಯಿಯಿಂದ ಬೆಳೆಸಿ ಪ್ರಯೋಜನವಿಲ್ಲ. ಒಳ್ಳೆಯ ಮಡುವಿನ ಗುಟ್ಟನ್ನು ಇನ್ನೊಬ್ಬನ ಕಿವಿಗೆ ಹಾಕಿದರೆ ನಷ್ಟವುಂಟು. ಹೊಟ್ಟೆಗಾಗಿ ಹಿಡಿಯುವವನು ಮೀನನ್ನು ಕುಗ್ಗಿಸುತ್ತಾನೆ, ಹವ್ಯಾಸಕ್ಕಾಗಿ ಹಿಡಿಯುವವನು ಹಿಗ್ಗಿಸುತ್ತಾನೆ.

ಕಾಳಿದಾಸನಿಗೆ ಇದು ಗೊತ್ತಿತ್ತೆಂದು ನನ್ನ ಬಲವಾದ ನಂಬಿಕೆ. ಶಾಕುಂತಲದ ಆರನೆಯ ಅಂಕದ ಆರಂಭದಲ್ಲಿ ರಾಜಮುದ್ರೆಯ ಉಂಗುರವನ್ನು ಮಾರಲು ಹೋಗಿ ರಾಜಭಟರ ಕೈಗೆ ಸಿಕ್ಕಿಬಿದ್ದ ಆ ಧೀವರನು, ಹೊಡೆತ ತಿನ್ನುತ್ತಲೇ, ತಾನು ರೋಹಿತ ಮತ್ಸ್ಯವೊಂದನ್ನು ತುಂಡರಿಸುವಾಗ ಅದರ ಹೊಟ್ಟೆಯಲ್ಲಿ ಉಂಗುರ ಕಂಡಿತೆಂದು ಹೇಳುತ್ತಾನೆ. ರೋಹಿತವೆಂದರೆ ನಮ್ಮ ರೋಹುವೇ. ಅಷ್ಟು ಪ್ರಸಿದ್ಧವಾದ ಮೀನು ಭರತಖಂಡದ ಸಾಹಿತ್ಯದಲ್ಲಿ ಇನ್ನೊಂದಿರಲಾರದು. ಅದು ಎಷ್ಟು ದೊಡ್ಡದಿತ್ತೆಂಬುದನ್ನು ಮಾತ್ರ ಹಿಡಿದವನು ಹೇಳಲೇ ಇಲ್ಲ. ಅವನ ಜಾಗದಲ್ಲಿ ನಿಮ್ಮಲ್ಲೊಬ್ಬರಿದ್ದಿದ್ದರೆ, ಉಂಗುರದ ಮಾತು ಬರುವಷ್ಟರಲ್ಲಿ ಅಂಕದ ಪರದೆ ಬೀಳುತ್ತಿತ್ತು.

ಹಿಗ್ಗಿಸುವ ವಿದ್ಯೆಯಲ್ಲಿ ನಮ್ಮ ಸೀಮೆಗೆ ಪರಂಪರೆಯಿಲ್ಲವೆಂದಲ್ಲ. ಐಹೊಳೆಯ ಮೇಗುತಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಪುಲಕೇಶಿಯ ದಿಗ್ವಿಜಯವನ್ನು ಕೆತ್ತಿಸುವಾಗ, ಕಡೆಗೆ ತನ್ನನ್ನೂ ಕಾಳಿದಾಸ ಭಾರವಿಗಳ ಸಾಲಿಗೆ ಸೇರಿಸಿಕೊಂಡನು. ಆದರೆ ಆತನ ಉತ್ಪ್ರೇಕ್ಷೆಯಿಂದ ನಮಗೆ ಲಾಭವೇ ಆಯಿತು. ಕಾಳಿದಾಸನು ಅದಕ್ಕೆ ಈಚಿನವನಲ್ಲವೆಂಬುದು ಆ ಒಂದು ಬಡಾಯಿಯಿಂದ ಸಿದ್ಧವಾಯಿತು. ಆತನು ಕಲ್ಲಿನ ಮೇಲೆ, ವರ್ಷವನ್ನು ನಮೂದಿಸಿ, ಹೆಸರು ಹಾಕಿ ಹೇಳಿದನು. ಒಮ್ಮೆ ಕೆತ್ತಿದ ಬಡಾಯಿ ಸಾವಿರದ ಮುನ್ನೂರು ವರ್ಷ ಕಳೆದರೂ ಒಂದಂಗುಲ ಬೆಳೆಯದೆ ಇದ್ದಷ್ಟೇ ಇದೆ. ನಿಮ್ಮದು ಗಾಳಿಯಲ್ಲಿ ಬರೆದುದು. ಫಾಲ್ಗುಣದಲ್ಲಿದ್ದಷ್ಟು ಚೈತ್ರದಲ್ಲಿ ಇರುವುದಿಲ್ಲ.

ಬಾದಾಮಿಯವರು ನೀವು ಎರಡನೆಯ ಗುಹೆಗೆ ಹೋಗಿ ಮೇಲ್ಛಾವಣಿಯನ್ನು ಕತ್ತೆತ್ತಿ ನೋಡಿದ್ದೀರಾ? ಚೌಕದ ನಡುವೆ ಒಂದು ಚಕ್ರ. ಅದರ ಅರೆಗಳೆಲ್ಲ ಮೀನುಗಳು, ಎಣಿಸಿದರೆ ಹದಿನಾರು. ಚಾಲುಕ್ಯರ ಆ ಶಿಲ್ಪಿಗೆ ಅಡ್ಡ ಕೇಳುವವರು ಯಾರೂ ಇರಲಿಲ್ಲ. ಮನಸ್ಸು ಬಂದಿದ್ದರೆ ಒಂದನ್ನಾದರೂ ತಿಮಿಂಗಿಲದಷ್ಟು ಮಾಡಬಹುದಾಗಿತ್ತು. ಆದರೆ ಒಂದು ಮೀನು ಎರಡು ಬೆರಳು ದೊಡ್ಡದಾಗಿದ್ದರೂ ಚಕ್ರ ಕುಂಟುತ್ತಿತ್ತು. ಸರಪಳಿಯ ಹದಿನಾರು ಆಣೆಗಳನ್ನು ಎಣಿಸಿ ಬಾಳಿದವನಾದ ನನಗೆ ಆ ಹದಿನಾರು ಸಮನಾದ ಮೀನುಗಳ ಕೆಳಗೆ ನಿಂತಾಗ ದೇವರ ಗುಡಿಯಲ್ಲಿ ಬರದಷ್ಟು ಭಕ್ತಿ ಬರುತ್ತದೆ; ಹೆಂಡತಿಯ ಮುಂದೆ ಇದನ್ನು ಹೇಳಿಲ್ಲ.

ಈಗ ನನ್ನ ಪ್ರಾರ್ಥನೆ. ಇಳಕಲ್ಲಿನ ಶ್ರೀ ವಿಜಯ ಮಹಾಂತೇಶ ಮಠದ ಮಹಾಂತಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಸೆರೆ ತಂಬಾಕುಗಳ ಸಾಲಿಗೆ ನಿಮ್ಮ ಚಟವನ್ನೂ ಸೇರಿಸಿ ಆ ಜೋಳಿಗೆಗೆ ಹಾಕಿರೆಂದು ನಾನು ಹೇಳಲಾರೆ. ಅಷ್ಟು ಕ್ರೂರಿಯಲ್ಲ. ಇಳಕಲ್ ಸೀರೆಯ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಜಾಣ ಕಣ್ಣಿಗೂ ಕೂಡಿದ ಜಾಗ ತಟ್ಟನೆ ಕಾಣುವುದಿಲ್ಲ. ನಿಮ್ಮ ಕಥೆಗೂ ಒಂದು ಸೆರಗಿರಲಿ. ತಪ್ಪಿಸಿಕೊಂಡು ಹೋದ ಮೀನು ನಿಮ್ಮದು. ಅದಕ್ಕೆ ಸಾಕ್ಷಿಯಿಲ್ಲ, ತಕ್ಕಡಿಯಿಲ್ಲ, ಅದನ್ನು ಮಾರಿನುದ್ದ ಮಾಡಿ, ಎರಡು ಮಾರಿನುದ್ದ ಮಾಡಿ, ಮೀಸೆಗಳನ್ನೂ ಹಚ್ಚಿ. ಆದರೆ ದಂಡೆಗೆ ಬಂದ ಮೀನನ್ನು ಇದ್ದಷ್ಟೇ ಹೇಳಿ.

ಏಕೆಂದರೆ ನನ್ನ ಟೇಪಿನ ಕೆಳಗೆ ಮಿಡುಕುತ್ತಿದ್ದ ಆ ಗೇಣಿನ ರೋಹು ಇನ್ನೂ ಮರಿ. ಒಂದು ಬಾರಿಯೂ ಮೊಟ್ಟೆಯಿಡದ ಮರಿ. ಅದನ್ನು ಒಂದು ಗೇಣೆಂದೇ ಹೇಳಬೇಕಾಗಿದ್ದರೆ, "ಇಷ್ಟ ಸಣ್ಣದನ್ನ ಯಾಕ ತಂದಿರಿ?" ಎಂದು ಚಹದಂಗಡಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಿದ್ದರು, ಮತ್ತು ಮರುಸಲ ನೀವು ಅದನ್ನು ಗಾಳದಿಂದ ಬಿಡಿಸಿ ನೀರಿಗೆ ಹಾಕುತ್ತಿದ್ದಿರಿ. ಬಾಯಲ್ಲಿ ದೊಡ್ಡದು ಮಾಡುವ ಅನುಕೂಲವಿರುವುದರಿಂದಲೇ ಸಣ್ಣದು ಚೀಲಕ್ಕೆ ಬೀಳುತ್ತದೆ. ಇನ್ನೊಂದು, ಹೊಳೆಯ ತುಂಬ ಮಾರುದ್ದದ ಮೀನುಗಳಿವೆಯೆಂದು ನಾಲ್ಕು ತಾಲೂಕು ನಂಬಿದರೆ, ಹೊಳೆಯಲ್ಲಿ ಮೀನು ಕಡಿಮೆಯಾದುದು ಯಾರ ಗಮನಕ್ಕೂ ಬರುವುದಿಲ್ಲ. ವಾನ್ ಇಂಗೆನ್ನರ ಆ ಮಶೀರಿನ ಕುಲವನ್ನೇ ನೋಡಿ: ಕಾವೇರಿ ಸೀಮೆಯ ಆ ಡುಬ್ಬದ ಮಶೀರನ್ನು 2018ರಲ್ಲಿ ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಿದರು. ಅದರ ಕಥೆಗಳು ಮಾತ್ರ ದಷ್ಟಪುಷ್ಟವಾಗಿವೆ.

ಇಷ್ಟು ಉಪದೇಶ ಮಾಡಿದ ಮೇಲೆ ನನ್ನ ಚೀಲವನ್ನೂ ಬಿಚ್ಚಿ ತೋರಿಸುವುದು ನ್ಯಾಯ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಣೆಕಟ್ಟಿನ ಅಡಿಗಲ್ಲನ್ನಿಟ್ಟಾಗ ನಮ್ಮೂರಿನ ತಗ್ಗಿನ ಓಣಿಗಳಲ್ಲಿ ಯಾರೂ ಅದನ್ನು ತಮ್ಮ ಹೊಸ್ತಿಲಿಗೆ ಸಂಬಂಧಿಸಿದ ಸುದ್ದಿಯೆಂದು ತಿಳಿಯಲಿಲ್ಲ. ಮುಂದೆ ನೀರು 519.6 ಮೀಟರಿನ ಮಟ್ಟಕ್ಕೆ ನಿಲ್ಲುವುದೆಂದು ಗೊತ್ತಾಗಿ, ಮುಳುಗುವ ಮನೆಗಳನ್ನೆಲ್ಲ ಪರಿಹಾರಕ್ಕಾಗಿ ಅಳೆಯಬೇಕಾಗಿ ಬಂದಾಗ, ಟೇಪು ಹಿಡಿದ ಹತ್ತಾರು ಕೈಗಳಲ್ಲಿ ನನ್ನವೂ ಎರಡು. ನಮ್ಮ ಕಡೆ ಮನೆಯನ್ನು ಖಣದ ಲೆಕ್ಕದಲ್ಲಿ ಹೇಳುವುದು ನಿಮಗೆ ಗೊತ್ತಲ್ಲ, ಕಂಬದಿಂದ ಕಂಬಕ್ಕೆ ಒಂದು ಖಣ. ನಾನು ಅಳೆದ ಮನೆಗಳ ಯಜಮಾನರೆಲ್ಲರೂ ಹಿತ್ತಲಿನ ಚಪ್ಪರವನ್ನೂ ಖಣವೆಂದು ಹೇಳಿದರು, ದನದ ಕೊಟ್ಟಿಗೆಯನ್ನೂ ಹೇಳಿದರು. ನಾನು ತಲೆಯಲ್ಲಾಡಿಸಿ ಇದ್ದಷ್ಟೇ ಬರೆದೆನು. ನಮ್ಮ ಮನೆಯನ್ನು ನಾನು ಅಳೆಯುವಂತಿರಲಿಲ್ಲ. ಒಬ್ಬ ಸಹೋದ್ಯೋಗಿ ಬಂದು ಅಳೆದನು. ಆ ದಿನ ನನ್ನ ತಂದೆ ಕಟ್ಟೆಯ ಮೇಲೆ ಕುಳಿತು ಒಂದು ಮಾತನ್ನೂ ಆಡದೆ ಅಡಕೆ ಕತ್ತರಿಸುತ್ತಿದ್ದರು. ಎಷ್ಟು ಖಣವೆಂದು ಕೇಳಿದರೆ, "ನೀವ ಎಣಿಸ್ರಿ" ಎಂದರು. ಏಳು ಖಣ. ಆ ಕಾಗದದ ನಕಲು ಈಗಲೂ ನನ್ನ ಟ್ರಂಕಿನಲ್ಲಿದೆ.

ನವನಗರದ ಸೆಕ್ಟರಿನ ಮನೆಯಲ್ಲಿ ಹುಟ್ಟಿದ ನನ್ನ ಮೊಮ್ಮಗ ಒಂದು ದಿನ, "ಅಜ್ಜಾ, ನಿಮ್ಮ ಹಳೇ ಮನಿ ಎಷ್ಟ ದೊಡ್ಡದಿತ್ತು?" ಎಂದು ಕೇಳಿದನು. ಒಂಬತ್ತು ಖಣವೆಂದೆನು. ಮರುವರ್ಷ ಕೇಳಿದಾಗ ಹನ್ನೆರಡು. ಈಚೆಗೆ ಅದಕ್ಕೊಂದು ಅಟ್ಟವೂ ಬಂದಿದೆ, ಅಂಗಳದಲ್ಲಿ ಮೂವತ್ತು ಚೀಲ ಜೋಳ ಹಿಡಿಸುವ ಹಗೇವೂ ಬಂದಿದೆ. ಹೇಳುವಾಗ ನನ್ನ ಎರಡೂ ಕೈಗಳು ತಾವಾಗಿಯೇ ಚಾಚಿಕೊಳ್ಳುವುದನ್ನು ನನ್ನ ಸೊಸೆ ಅಡುಗೆಮನೆಯ ಬಾಗಿಲಿನಿಂದ ನೋಡಿ ನಕ್ಕಳು.

ಆದುದರಿಂದ ಬಾಗಲಕೋಟೆಯ ಗಾಳಗಾರರಲ್ಲಿ ಒಂದು ಖಾಸಗಿ ಬಿನ್ನಹ. ಬೇಸಗೆಯಲ್ಲಿ ನೀರು ಇಳಿದು ಹಳೆಯ ಓಣಿಗಳ ಮೇಲೆ ಆಳ ಕಡಿಮೆಯಾದಾಗ ನೀವು ಆ ಕಡೆ ಗಾಳ ಹಾಕುತ್ತೀರಿ. ಕೆಲವೊಮ್ಮೆ ಬೆಂಡು ಮುಳುಗಿ ದಾರ ಬಿಗಿದು, ಎಷ್ಟು ಎಳೆದರೂ ಬರದೆ, ಕೋಲು ಬಿಲ್ಲಿನಂತೆ ಬಾಗಿ ಕಡೆಗೆ ದಾರ ಪಟ್ಟೆಂದು ಹರಿಯುತ್ತದೆ. ಅದು ಮೀನಾಗಿರಲಿಕ್ಕಿಲ್ಲ. ನಮ್ಮ ಪಡಸಾಲೆಯ ಕಂಬದ ಅಡಿಗಲ್ಲಾಗಿರಬಹುದು, ಇಲ್ಲವೆ ತಂದೆಯವರು ಕುಳಿತಿದ್ದ ಕಟ್ಟೆಯ ಅಂಚಾಗಿರಬಹುದು. ತುಸು ಮೆಲ್ಲಗೆ ಎಳೆಯಿರಿ. ಆ ಸಂಜೆ ಚಹದಂಗಡಿಯಲ್ಲಿ, ಹಳೇ ಊರಿನ ನೀರಿನಲ್ಲಿ ಮನೆಯಷ್ಟು ದೊಡ್ಡ ಮೀನೊಂದು ಸಿಕ್ಕಿ ತಪ್ಪಿಸಿಕೊಂಡಿತೆಂದು ನೀವು ಹೇಳಿದರೆ, ನಾನು ಮೂಲೆಯ ಬಾಕಿನ ಮೇಲೆ ಕುಳಿತಿರುತ್ತೇನೆ, ಟೇಪು ಜೇಬಿನಲ್ಲಿಯೇ ಇರುತ್ತದೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೋಜಣಿದಾರ
ನವನಗರ, ಬಾಗಲಕೋಟೆ